ಆವಕ-ಜಾವಕದ ಗುಮಾಸ್ತ: ಗಿಟ್ ರೆಪೊಗಳನ್ನು ವೆಬ್ ಮೂಲಕ ಹಂಚುವ ಬಗೆ

(ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಉಪನ್ಯಾಸಕರು ಮತ್ತು ಸಣ್ಣ ಸಾಫ್ಟ್‌ವೇರ್ ಕಚೇರಿಗಳ ಉದ್ಯೋಗಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೊಸಬರಿಗಾಗಿ ಮೊದಲೇ ಒಂದು ಮಾತು: ಗಿಟ್ ಎಂದರೆ ಫೈಲುಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶ. ಫೈಲುಗಳು ಮತ್ತು ಅವುಗಳ ಇತಿಹಾಸ ಸೇರಿದ ಕಣಜ ರೆಪೊ, ಅದರ ಪೂರ್ತಿ ಪ್ರತಿ ಮಾಡಿಕೊಳ್ಳುವುದು ಕ್ಲೋನ್, ದಾಖಲಾದ ಒಂದೊಂದು ಹಂತ ಕಮಿಟ್, ಕೆಲಸದ ಒಂದೊಂದು ಕವಲು ಬ್ರಾಂಚ್, ನಮ್ಮ ಬದಲಾವಣೆಯನ್ನು ಸರ್ವರ್‌ಗೆ ಕಳುಹಿಸುವುದು ಪುಶ್, ಅಲ್ಲಿಂದ ಹೊಸದನ್ನು ತರುವುದು ಫೆಚ್.

ಒಂದು ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯವನ್ನು ನೆನೆಸಿಕೊಳ್ಳಿ. ಅರವತ್ತು ಕಂಪ್ಯೂಟರ್‌ಗಳು. ಉಪನ್ಯಾಸಕರು ಬೋರ್ಡಿನ ಮೇಲೆ ಒಂದು ವಿಳಾಸ ಬರೆದು ‘ಇದನ್ನು ಕ್ಲೋನ್ ಮಾಡಿಕೊಳ್ಳಿ’ ಎನ್ನುತ್ತಾರೆ. ಅರವತ್ತೂ ಕಂಪ್ಯೂಟರ್‌ಗಳು ಕಾಲೇಜಿನ ಒಂದೇ ಇಂಟರ್ನೆಟ್ ಸಂಪರ್ಕದ ಮೇಲೆ ಮುಗಿಬಿದ್ದು, ಅದೇ ರೆಪೊವನ್ನು ಅರವತ್ತು ಸಲ ಎಲ್ಲೋ ಹೊರದೇಶದ ಸರ್ವರ್‌ನಿಂದ ಎಳೆದು ತರಲು ಹೊರಡುತ್ತವೆ. ಆ ರೆಪೊ ಹುಟ್ಟಿದ್ದೆಲ್ಲಿ? ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ, ಅದೇ ಉಪನ್ಯಾಸಕರ ಲ್ಯಾಪ್‌ಟಾಪಿನಲ್ಲಿ. ಧಾರವಾಡದವನು ಪಕ್ಕದ ಮನೆಗೆ ಹೋಗಲು ಹುಬ್ಬಳ್ಳಿಗೆ ಬಂದು ಚಿಗರಿ ಬಸ್ಸು ಹಿಡಿದ ಹಾಗಾಯಿತು ಇದು.

ರೆಪೊಗಳನ್ನು ಇಂಟರ್ನೆಟ್‌ನಲ್ಲಿ ಇಟ್ಟುಕೊಡುವ ದೊಡ್ಡ ಸೇವೆಗಳನ್ನು ಬಿಟ್ಟುಬಿಡಿ ಎಂದು ಹೇಳಲು ನಾನು ಬಂದಿಲ್ಲ. ನಾನೂ ಅವನ್ನು ದಿನವೂ ಬಳಸುತ್ತೇನೆ. ಆದರೆ ಒಂದು ರೆಪೊವನ್ನು ವೆಬ್ ಮೂಲಕ ಕೊಡುವುದು ಎಂದರೆ ಆ ಸೇವೆಗಳಿಗೆ ಮಾತ್ರ ಸಾಧ್ಯವಾಗುವ ಮಂತ್ರವಿದ್ಯೆ ಎಂಬ ಭಾವನೆ ನಮ್ಮ ಹುಡುಗರಲ್ಲಿ ಬೇರೂರಿದೆ. ಅದು ನಿಜವಲ್ಲ. ಬೇಕಾದ ಕೆಲಸವನ್ನೆಲ್ಲ ಗಿಟ್ ಆಗಲೇ ಮಾಡಿಟ್ಟಿದೆ. ವೆಬ್ ಸರ್ವರ್ ಮತ್ತು ಗಿಟ್ ನಡುವೆ ನಿಲ್ಲಲು ನೂರು-ನೂರೈವತ್ತು ಸಾಲಿನ ಒಂದು ಮಿಡಲ್‌ವೇರ್ ಸಾಕು. ಆ ನೂರು ಸಾಲು ಏನು ಮಾಡಬೇಕು, ಅದಕ್ಕಿಂತ ಹೆಚ್ಚಾಗಿ ಏನು ಮಾಡಬಾರದು ಎಂಬುದೇ ಇವತ್ತಿನ ವಿಷಯ.

‘ಎಸ್‌ಎಸ್‌ಎಚ್ ಇದೆಯಲ್ಲ, ವೆಬ್ ಏಕೆ?’ ಎಂದು ಕೇಳುವವರಿದ್ದೀರಿ. ದೂರದ ಕಂಪ್ಯೂಟರಿಗೆ ಸುರಕ್ಷಿತ ಸಂಪರ್ಕ ಕೊಡುವ ಎಸ್‌ಎಸ್‌ಎಚ್ ಚೆನ್ನಾಗಿಯೇ ಇದೆ. ಆದರೆ ಅದಕ್ಕೆ ಪ್ರತಿಯೊಬ್ಬರ ಕೀಲಿಯನ್ನೂ ಸಂಗ್ರಹಿಸಿ ಕೂರಿಸಬೇಕು, ಸುಮ್ಮನೆ ಓದಲು ಬಂದವರಿಗೂ ಗುರುತು ಕೊಡಬೇಕು. ಕಾಲೇಜುಗಳ, ಕಚೇರಿಗಳ ಫೈರ್‌ವಾಲ್‌ಗಳಲ್ಲಿ ಅದು ಬಳಸುವ 22ನೇ ಪೋರ್ಟ್ ಮುಚ್ಚಿರುವುದೇ ಹೆಚ್ಚು. ವೆಬ್‌ನ 443 ಎಲ್ಲ ಕಡೆಯೂ ತೆರೆದಿರುತ್ತದೆ. ಆ ಚರ್ಚೆಯನ್ನು ಅಲ್ಲಿಗೆ ಬಿಡೋಣ.

ಮೊದಲು ಹಳೆಯ ದಾರಿ. ಲಿನಕ್ಸ್‌ನ ಕೋಡ್ ನೋಡಿಕೊಳ್ಳಲು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶದ ಉಚಿತ ಬಳಕೆ ನಿಂತುಹೋದಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಗಿಟ್ ಬರೆಯಲು ಕುಳಿತರು. ಆರಂಭದ ವರ್ಷಗಳಲ್ಲಿ ವೆಬ್ ಮೂಲಕ ಗಿಟ್ ಕೊಡುವುದೆಂದರೆ ರೆಪೊದ ಫೋಲ್ಡರನ್ನು ಹಾಗೆಯೇ ವೆಬ್ ಸರ್ವರ್ ಕೆಳಗೆ ಇಡುವುದು, ಅಷ್ಟೆ. ಸರ್ವರ್‌ಗೆ ಗಿಟ್ ಎಂದರೇನು ಎಂದೇ ಗೊತ್ತಿರುವುದಿಲ್ಲ. ಅದು ಕೇಳಿದ ಫೈಲನ್ನು ಕೊಡುತ್ತದೆ. ಇದನ್ನು ಡಂಬ್ ಪ್ರೋಟೋಕಾಲ್ ಎನ್ನುತ್ತಾರೆ. ಯಾವ ಬ್ರಾಂಚ್ ಎಲ್ಲಿದೆ ಎಂಬ ಪಟ್ಟಿಯನ್ನು ‘ಅಪ್‌ಡೇಟ್-ಸರ್ವರ್-ಇನ್ಫೊ’ ಎಂಬ ಆದೇಶದಿಂದ ಮುಂಚೆಯೇ ಬರೆದಿಡಬೇಕು. ಪ್ರತಿ ಪುಶ್ ಆದಮೇಲೂ ಅದು ಮತ್ತೆ ನಡೆಯಬೇಕು. ಮರೆತರೆ ಬಂದವರಿಗೆ ಹಳೆಯ ಪಟ್ಟಿಯೇ ಸಿಗುತ್ತದೆ, ಯಾವ ದೋಷದ ಸಂದೇಶವೂ ಬರುವುದಿಲ್ಲ. ಕ್ಲೈಂಟ್, ಅಂದರೆ ಕೇಳುವವರ ಕಂಪ್ಯೂಟರಿನ ಗಿಟ್, ಆ ಪಟ್ಟಿ ಹಿಡಿದು ಒಂದು ಕಮಿಟ್ ಕೇಳುತ್ತದೆ, ಅದನ್ನು ಬಿಚ್ಚಿ ನೋಡಿ ಅದರ ಹಿಂದಿನದನ್ನು ಕೇಳುತ್ತದೆ, ಆಮೇಲೆ ಅದರ ಹಿಂದಿನದನ್ನು. ಬೇಕಾದ ವಸ್ತು, ಹಲವನ್ನು ಒಟ್ಟಿಗೆ ಕಟ್ಟಿಟ್ಟ ಒಂದು ಪ್ಯಾಕ್ ಫೈಲಿನೊಳಗೆ ಇದ್ದರೆ ಆ ಪ್ಯಾಕ್ ಪೂರ್ತಿ ಇಳಿಯಬೇಕು. ಒಂದು ಸಾಲು ಬದಲಾದುದಕ್ಕೆ ಇಡೀ ಇತಿಹಾಸ ಹೊತ್ತು ತರುವ ಪರಿಸ್ಥಿತಿ.

2009ರ ಡಿಸೆಂಬರ್‌ನಲ್ಲಿ ಬಂದ ಗಿಟ್ 1.6.6 ಇದನ್ನು ಬದಲಿಸಿತು. ಶಾನ್ ಪಿಯರ್ಸ್ ಮುಂದೆ ನಿಂತು ಮಾಡಿದ ಕೆಲಸ ಅದು. ಆಗಿನಿಂದ ಇರುವುದು ಸ್ಮಾರ್ಟ್ ಪ್ರೋಟೋಕಾಲ್. ಇಲ್ಲಿ ಕ್ಲೈಂಟ್ ಮತ್ತು ಸರ್ವರ್ ಮಾತಾಡಿಕೊಳ್ಳುತ್ತವೆ: ‘ನನಗೆ ಇದು ಬೇಕು, ನನ್ನ ಬಳಿ ಇದು ಆಗಲೇ ಇದೆ’. ನಡುವಿನ ವ್ಯತ್ಯಾಸವನ್ನಷ್ಟೇ ಸರ್ವರ್ ಆ ಕ್ಷಣಕ್ಕೆ ಪ್ಯಾಕ್ ಮಾಡಿ ಕಳುಹಿಸುತ್ತದೆ.

ಇದರ ಸರಳತೆ ನೋಡಿ. ಕ್ಲೋನ್‌ಗೆ ಬೇಕಾದ ವಿಳಾಸಗಳು ಎರಡೇ. ಮೊದಲನೆಯದು ಒಂದು ಗೆಟ್, ಅಂದರೆ ‘ಕೊಡು’ ಎಂಬ ವೆಬ್ ಕೋರಿಕೆ: ಕ್ಲೈಂಟ್ ರೆಪೊದ ವಿಳಾಸದ ಕೊನೆಗೆ ‘ಇನ್ಫೊ/ರೆಫ್ಸ್’ ಎಂದು ಸೇರಿಸಿ, ತನಗೆ ಬೇಕಾದ ಸೇವೆ ‘ಗಿಟ್-ಅಪ್‌ಲೋಡ್-ಪ್ಯಾಕ್’ ಎಂದು ಪ್ರಶ್ನೆಚಿಹ್ನೆಯ ನಂತರ ಹೇಳುತ್ತದೆ. ಸರ್ವರ್ ಇಲ್ಲಿ ತನ್ನ ಸಾಮರ್ಥ್ಯಗಳನ್ನು ಹೇಳಿಕೊಳ್ಳುತ್ತದೆ. ಎರಡನೆಯದು ಅದೇ ಸೇವೆಯ ಹೆಸರಿಗೆ ಒಂದು ಪೋಸ್ಟ್, ಅಂದರೆ ಮಾಹಿತಿ ಕಳುಹಿಸುವ ಕೋರಿಕೆ; ಅದು ಒಂದಕ್ಕಿಂತ ಹೆಚ್ಚು ಸಲವೂ ಆಗಬಹುದು. ಪುಶ್ ಮಾಡುವಾಗಲೂ ಇದೇ ಜೋಡಿ, ಸೇವೆಯ ಹೆಸರು ಮಾತ್ರ ‘ಗಿಟ್-ರಿಸೀವ್-ಪ್ಯಾಕ್’. ಎರಡು ಸೇವೆಗಳಿಗೆ ಒಟ್ಟು ಮೂರು ಬಗೆಯ ವಿಳಾಸಗಳು. ನಿಮ್ಮ ಮಿಡಲ್‌ವೇರ್ ಈ ಮೂರನ್ನು ಬಿಟ್ಟು ಬೇರೆ ಏನನ್ನು ಕೇಳಿದರೂ 404, ಅಂದರೆ ‘ಅಂಥದ್ದು ಇಲ್ಲಿಲ್ಲ’, ಎಂದು ಹೇಳಿ ಬಾಗಿಲು ಹಾಕಿಕೊಳ್ಳಬಹುದು. ಹಾಕಿಕೊಳ್ಳಬೇಕು.

ಈಗ ತಂತಿಯ ಮೇಲೆ ಹರಿಯುವುದನ್ನು ಹತ್ತಿರದಿಂದ ನೋಡೋಣ. ಇದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಗಿಟ್ ಬಗ್ಗೆ ಇರುವ ಭಯ ಹೋಗುತ್ತದೆ. ಪ್ರತಿ ಸಾಲಿನ ಮೊದಲು ನಾಲ್ಕು ಅಂಕಿಗಳಿರುತ್ತವೆ. ಆ ಸಾಲಿನ ಉದ್ದವನ್ನು ಷೋಡಶಮಾನದಲ್ಲಿ, ಆ ನಾಲ್ಕು ಅಂಕಿಗಳನ್ನೂ ಸೇರಿಸಿ, ಅವು ಹೇಳುತ್ತವೆ. ಕ್ಲೈಂಟ್ ಒಂದು ಕಮಿಟ್ ಬೇಕೆಂದು ಕೇಳುವ ಸಾಲು 0032ರಿಂದ ಶುರುವಾಗುತ್ತದೆ. ಷೋಡಶಮಾನದ 32 ಎಂದರೆ ನಮ್ಮ ಲೆಕ್ಕದಲ್ಲಿ 50. ಎಣಿಸಿ: ಉದ್ದ ಹೇಳುವ ಅಂಕಿ 4, ‘ವಾಂಟ್’ ಎಂಬ ಆಂಗ್ಲ ಪದ ಮತ್ತು ಒಂದು ಖಾಲಿ ಜಾಗ 5, ಕಮಿಟ್‌ನ ಗುರುತು 40, ಸಾಲು ಮುಗಿಸುವ ಚಿಹ್ನೆ 1. ಐವತ್ತು. ‘ನನ್ನ ಬಳಿ ಇದು ಇದೆ’ ಎನ್ನುವ ‘ಹ್ಯಾವ್’ ಸಾಲಿಗೂ ಅದೇ 0032. ‘ಡನ್’ ಎಂದು ಮಾತು ಮುಗಿಸುವುದಕ್ಕೆ 0009. ಬರೀ 0000 ಬಂದರೆ ಈ ಭಾಗ ಮುಗಿಯಿತು ಎಂದರ್ಥ. ಒಂದು ಸಾಲು ಗರಿಷ್ಠ 65,520 ಬೈಟ್. ಒಬ್ಬ ಡಿಪ್ಲೊಮಾ ವಿದ್ಯಾರ್ಥಿ ಒಂದು ಮಧ್ಯಾಹ್ನ ಕುಳಿತರೆ ಇದನ್ನು ಓದುವ ಪ್ರೋಗ್ರಾಂ ಬರೆದುಬಿಡುತ್ತಾನೆ.

ಆದರೆ ಬರೆಯುವ ಅಗತ್ಯವಿಲ್ಲ; ಅದೇ ನನ್ನ ಮಾತಿನ ತಿರುಳು. ಈ ಸಾಲುಗಳನ್ನು ಓದುವುದು, ವ್ಯತ್ಯಾಸ ಲೆಕ್ಕ ಹಾಕುವುದು, ಪ್ಯಾಕ್ ಕಟ್ಟುವುದು, ಎಲ್ಲವೂ ಗಿಟ್‌ನ ಕೆಲಸ. ನಮ್ಮ ಕಡೆಯ ಸರಕಾರಿ ಕಚೇರಿಗಳಲ್ಲಿ ಆವಕ-ಜಾವಕದ ಮೇಜು ಇರುತ್ತದೆಯಲ್ಲ, ಮಿಡಲ್‌ವೇರ್ ಆ ಮೇಜಿನ ಗುಮಾಸ್ತನಂತೆ ಇರಬೇಕು. ಅರ್ಜಿ ಕೊಟ್ಟವರು ಯಾರು, ಯಾವ ವಿಭಾಗಕ್ಕೆ, ಓದಲಿಕ್ಕೋ ಬದಲಿಸಲಿಕ್ಕೋ ಎಂದು ನೋಡಿ, ಮುದ್ರೆ ಒತ್ತಿ, ಸರಿಯಾದ ಮೇಜಿಗೆ ಕಳುಹಿಸುವುದಷ್ಟೇ ಅವನ ಕೆಲಸ. ಲಕೋಟೆ ಒಡೆದು ಒಳಗಿನದನ್ನು ತಿದ್ದಲು ಕೂತರೆ ಕಚೇರಿಯೇ ಕೆಡುತ್ತದೆ.

ಈ ಗುಮಾಸ್ತನಿಗೆ ಒಂದು ಕುರ್ಚಿ ಬೇಕು. ಪೈಥಾನ್‌ನವರು 2003ರಲ್ಲಿ ಡಬ್ಲ್ಯುಎಸ್‌ಜಿಐ ಎಂಬ ಒಪ್ಪಂದ ಮಾಡಿಕೊಂಡರು. ರೂಬಿಯಲ್ಲಿ 2007ರಲ್ಲಿ ರ್‍ಯಾಕ್ ಬಂತು, ಪರ್ಲ್‌ನಲ್ಲಿ 2009ರಲ್ಲಿ ಪಿಎಸ್‌ಜಿಐ. ಮೂರರದೂ ಒಂದೇ ವಿಚಾರ. ವೆಬ್ ಸರ್ವರ್ ಯಾವುದೇ ಇರಲಿ, ಬಂದ ಕೋರಿಕೆಯನ್ನು ಒಂದು ನಿಘಂಟಿನಂಥ ರಚನೆಯಲ್ಲಿ ತುಂಬಿ ಒಂದು ಫಂಕ್ಷನ್‌ಗೆ ಕೊಡುತ್ತದೆ. ಫಂಕ್ಷನ್ ಸ್ಥಿತಿ ಸಂಖ್ಯೆ, ಹೆಡರ್‌ಗಳೆಂಬ ವಿವರದ ಸಾಲುಗಳು, ತುಂಡುತುಂಡಾಗಿ ಹರಿಯುವ ಉತ್ತರ, ಇವನ್ನು ಮರಳಿಸುತ್ತದೆ. ಫಂಕ್ಷನ್ ಒಳಗೆ ಇನ್ನೊಂದು ಫಂಕ್ಷನ್ ಸುತ್ತಬಹುದು. ಒಂದು ಪದರ ಪಾಸ್‌ವರ್ಡ್ ನೋಡುತ್ತದೆ, ಇನ್ನೊಂದು ಲಾಗ್ ಬರೆಯುತ್ತದೆ, ಒಳಗಿನದು ಗಿಟ್ ಕರೆಯುತ್ತದೆ. ಗಿಟ್ ಜೊತೆಗೇ ಬರುವ ‘ಎಚ್‌ಟಿಟಿಪಿ-ಬ್ಯಾಕೆಂಡ್’ ಎಂಬ ಸಿಜಿಐ (ವೆಬ್ ಸರ್ವರ್ ಕರೆದು ಓಡಿಸುವ) ಪ್ರೋಗ್ರಾಂ ಇದೆ, ಅದನ್ನು ಕರೆಯಬಹುದು. ಇಲ್ಲವೇ ಅಪ್‌ಲೋಡ್-ಪ್ಯಾಕನ್ನೇ ನೇರವಾಗಿ ‘ಸ್ಟೇಟ್‌ಲೆಸ್-ಆರ್‌ಪಿಸಿ’ ಎಂಬ ಆಯ್ಕೆಯೊಂದಿಗೆ ಓಡಿಸಬಹುದು. ಈ ಆಯ್ಕೆಯ ಅರ್ಥ, ಹಿಂದಿನ ಕೋರಿಕೆಯಲ್ಲಿ ಏನಾಯಿತು ಎಂಬುದನ್ನು ಸರ್ವರ್ ನೆನಪಿಟ್ಟುಕೊಳ್ಳುವುದಿಲ್ಲ, ಕ್ಲೈಂಟೇ ಪ್ರತಿ ಸಲ ಹೇಳಬೇಕು. ಆದ್ದರಿಂದ ಮೊದಲ ಕೋರಿಕೆ ಒಂದು ಪ್ರಕ್ರಿಯೆಗೆ, ಎರಡನೆಯದು ಬೇರೊಂದಕ್ಕೆ ಹೋದರೂ ತೊಂದರೆಯಿಲ್ಲ.

ನೀವು ಎಚ್‌ಟಿಟಿಪಿ-ಬ್ಯಾಕೆಂಡ್ ಬಳಸಿದರೆ ಮುಂದೆ ನಾನು ಹೇಳುವ ತಕರಾರುಗಳಲ್ಲಿ ಅರ್ಧ ತಾನಾಗಿಯೇ ತೀರುತ್ತವೆ. ಹೊಸಬರಿಗೆ ನನ್ನ ಸಲಹೆ ಅದೇ. ಆದರೂ ಒಳಗೆ ಏನಾಗುತ್ತದೆ ಎಂದು ಗೊತ್ತಿಲ್ಲದೆ ಸರ್ವರ್ ನಡೆಸಬಾರದು. ಹಾಗಾಗಿ ಕೈಯಿಂದ ಬರೆಯುವಾಗ ಎಲ್ಲಿ ಎಡವುತ್ತಾರೆ ಎಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲ ಎಡವು, ಉತ್ತರದ ಕಂಟೆಂಟ್-ಟೈಪ್ ಹೆಡರ್. ಮೊದಲ ಗೆಟ್‌ಗೆ ಉತ್ತರ ಬಂದಾಗ ಕ್ಲೈಂಟ್ ನೋಡುವುದು ಈ ಹೆಡರನ್ನೇ. ಗಿಟ್‌ನ ವಿಶೇಷ ಹೆಸರು ಅಲ್ಲಿದ್ದರೆ ಸ್ಮಾರ್ಟ್, ಇಲ್ಲದಿದ್ದರೆ ಡಂಬ್ ಎಂದು ತೀರ್ಮಾನಿಸಿಬಿಡುತ್ತದೆ. ಸಾಮಾನ್ಯ ಪಠ್ಯ ಎಂದು ಹೆಡರ್ ಹಾಕಿ, ಒಳಗೆ ಸರಿಯಾದ ಉತ್ತರವನ್ನೇ ಕಳುಹಿಸಿದರೂ ಅದು ಹಳೆಯ ದಾರಿ ಹಿಡಿದು ಎಲ್ಲೋ ಹೋಗಿ ಬೀಳುತ್ತದೆ. ದೋಷದ ಸಂದೇಶ ಓದಿದರೆ ರೆಪೊವೇ ಇಲ್ಲ ಎಂದು ಅನಿಸುತ್ತದೆ. ಇದರ ಜೊತೆಗೆ, ಈ ಉತ್ತರವನ್ನು ನಡುವೆ ನಿಂತು ದಾಟಿಸುವ ಪ್ರಾಕ್ಸಿ ಸರ್ವರ್‌ಗಳು ಕೂಡಿಡದಂತೆ ‘ನೋ-ಕ್ಯಾಶ್’ ಎಂದು ಹೇಳಬೇಕು. ಗಿಟ್ ತಾನೇ ಕಳುಹಿಸುವ ಉತ್ತರದಲ್ಲಿ ಅವಧಿ ಮುಗಿದ ದಿನಾಂಕ 1980ರ ಜನವರಿ 1 ಎಂದಿರುತ್ತದೆ, ಯಾವ ಪ್ರಾಕ್ಸಿಗೂ ಸಂಶಯ ಉಳಿಯದಿರಲಿ ಎಂದು.

ಎರಡನೆಯದು ನನಗೆ ಬಹಳ ಇಷ್ಟವಾದ ದೋಷ, ಏಕೆಂದರೆ ಪ್ರದರ್ಶನದ ದಿನ ಅದು ಎಂದೂ ಕಾಣಿಸಿಕೊಳ್ಳುವುದಿಲ್ಲ. ಕ್ಲೈಂಟ್ ಕಳುಹಿಸುವ ಪಟ್ಟಿ 1024 ಬೈಟ್ ಮೀರಿದರೆ ಅದು ಪಟ್ಟಿಯನ್ನು ಜಿಜಿಪ್ ಮಾಡಿ, ಅಂದರೆ ಕುಗ್ಗಿಸಿ, ಕಳುಹಿಸುತ್ತದೆ. ಸಣ್ಣ ರೆಪೊದ ಹೊಸ ಕ್ಲೋನ್‌ನಲ್ಲಿ ‘ಬೇಕು’ ಎನ್ನುವ ಸಾಲು ಒಂದೆರಡೇ ಇರುತ್ತವೆ, ಮಿತಿ ಮೀರುವುದಿಲ್ಲ, ಎಲ್ಲವೂ ಸುಸೂತ್ರ. ತಿಂಗಳಾದ ಮೇಲೆ ಯಾರೋ ಒಬ್ಬರು ಹಳೆಯ ಕ್ಲೋನ್‌ನಲ್ಲಿ ಫೆಚ್ ಮಾಡುತ್ತಾರೆ. ‘ನನ್ನ ಬಳಿ ಇದೆ’ ಎನ್ನುವ ಸಾಲುಗಳು ಐವತ್ತೈವತ್ತು ಬೈಟ್‌ನಂತೆ ಸೇರಿ ಮಿತಿ ದಾಟುತ್ತವೆ. ನಿಮ್ಮ ಮಿಡಲ್‌ವೇರ್ ಜಿಪ್ ಬಿಚ್ಚದೆ ಹಾಗೆಯೇ ಅಪ್‌ಲೋಡ್-ಪ್ಯಾಕ್‌ಗೆ ಸುರಿದರೆ, ಮೊದಲ ನಾಲ್ಕು ಬೈಟ್‌ಗಳಲ್ಲಿ ಉದ್ದ ಹುಡುಕಿದ ಅದಕ್ಕೆ ಕಸ ಕಾಣುತ್ತದೆ. ‘ಹೊಸಬರಿಗೆ ಬರುತ್ತದೆ, ಹಳಬರಿಗೆ ಬರುವುದಿಲ್ಲ’ ಎಂಬ ದೂರು ಕೇಳಿದೊಡನೆ ನಾನು ನೋಡುವುದು ಕಂಟೆಂಟ್-ಎನ್‌ಕೋಡಿಂಗ್ ಹೆಡರನ್ನು. ಪೈಥಾನ್‌ನ ಡಲ್ವಿಚ್ ಎಂಬ ಲೈಬ್ರರಿಯಲ್ಲಿ ಈ ಜಿಪ್ ಬಿಚ್ಚುವುದಕ್ಕೆಂದೇ ಒಂದು ಪುಟ್ಟ ಪದರ ಇದೆ. ಓದಿ ನೋಡಿ, ಮಿಡಲ್‌ವೇರ್ ಎಂದರೆ ಹೀಗಿರಬೇಕು ಎಂಬುದಕ್ಕೆ ಅದು ಒಳ್ಳೆಯ ಮಾದರಿ.

ಪುಶ್‌ನಲ್ಲಿ ಇನ್ನೊಂದು ಗಡಿ. ಕಳುಹಿಸಬೇಕಾದುದು 1 ಎಂಬಿ ಮೀರಿದರೆ ಗಿಟ್ ಒಟ್ಟು ಉದ್ದ ಹೇಳದೆ ತುಂಡುತುಂಡಾಗಿ ಕಳುಹಿಸತೊಡಗುತ್ತದೆ. ಉದ್ದದ ಹೆಡರನ್ನೇ ನಂಬಿ ಓದುವ ಮಿಡಲ್‌ವೇರ್ ಸೊನ್ನೆ ಬೈಟ್ ಓದಿ ಸುಮ್ಮನಾಗುತ್ತದೆ. ಕಾಕತಾಳೀಯವಾಗಿ, ಎಂಜಿನ್‌ಎಕ್ಸ್ ಸರ್ವರ್ ಒಪ್ಪಿಕೊಳ್ಳುವ ಗಾತ್ರದ ಮಿತಿಯೂ ನೀವು ಬದಲಿಸದಿದ್ದರೆ 1 ಎಂಬಿ. ಅದು ಮೀರಿದರೆ 413 ಎಂದು ಹೇಳಿ ವಾಪಸ್ ಕಳುಹಿಸುತ್ತದೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಇದಕ್ಕೆ ಸಿಗುವ ಪರಿಹಾರ, ಕಳುಹಿಸುವ ಮೊದಲು ಮೆಮೊರಿಯಲ್ಲಿ ಕೂಡಿಡುವ ಮಿತಿಯಾದ ಕ್ಲೈಂಟ್‌ನ ‘ಪೋಸ್ಟ್‌ಬಫರ್’ ಅನ್ನು ಐನೂರು ಎಂಬಿಗೆ ಏರಿಸಿ ಎಂಬುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪ್ರತಿ ವಿದ್ಯಾರ್ಥಿಯ ಕಂಪ್ಯೂಟರಿನಲ್ಲೂ ಮೆಮೊರಿ ತಿನ್ನುವ ಈ ಬರೆಯನ್ನು ದಯವಿಟ್ಟು ಹಾಕಬೇಡಿ. ಸರ್ವರ್‌ನ ಮಿತಿಯನ್ನು ಸರ್ವರ್‌ನಲ್ಲೇ ಸರಿಪಡಿಸಿ.

ಇನ್ನು ಹರಿವು. ಗಿಟ್ ಕೊಡುವ ಪ್ಯಾಕನ್ನು ಪೂರ್ತಿ ಮೆಮೊರಿಗೆ ಓದಿಕೊಂಡು ಆಮೇಲೆ ಕಳುಹಿಸುವ ಕೋಡ್ ಬಹಳ ನೋಡಿದ್ದೇನೆ. ನಾಲ್ಕು ಎಂಬಿಯ ರೆಪೊಗೆ ನಡೆಯುತ್ತದೆ. ನಾನೂರು ಎಂಬಿಯದನ್ನು ಅರವತ್ತು ಜನ ಕೇಳಿದಾಗ ಎಷ್ಟಾಯಿತು ನೀವೇ ಗುಣಿಸಿ. ಮೂವತ್ತೆರಡೋ ಅರವತ್ತನಾಲ್ಕೋ ಕೆಬಿಯಂತೆ ಓದುತ್ತ, ಓದಿದ್ದನ್ನು ಆಗಲೇ ಹೊರಗೆ ತಳ್ಳುತ್ತ ಹೋಗಬೇಕು. ಗಿಟ್‌ಗೆ ಬರೆಯುವುದು ಮತ್ತು ಅದರಿಂದ ಓದುವುದು ಒಂದರ ನಂತರ ಒಂದು ಎಂದು ಇಟ್ಟುಕೊಂಡರೆ ಎರಡೂ ಕಡೆಯ ಪೈಪ್ ತುಂಬಿ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ಕೂರುವ ಸಂದರ್ಭವೂ ಬರುತ್ತದೆ.

ಹರಿವಿಗೆ ಸಂಬಂಧಿಸಿದ್ದೇ ಇನ್ನೊಂದು ವಿಷಯ, ಕಾಲಮಿತಿ. ಗುನಿಕಾರ್ನ್ ಎಂಬ ಪೈಥಾನ್ ಸರ್ವರನ್ನು ಹೆಚ್ಚಿನವರು ಬಳಸುತ್ತೀರಿ. ಏನೂ ಬದಲಿಸದೆ ಓಡಿಸಿದರೆ ಒಂದೇ ಕೆಲಸಗಾರ ಪ್ರಕ್ರಿಯೆ, ಅದಕ್ಕೆ 30 ಸೆಕೆಂಡಿನ ಗಡುವು. ನಿಧಾನ ಸಂಪರ್ಕದವರೊಬ್ಬರು ಕ್ಲೋನ್ ಶುರು ಮಾಡಿದರೆ ಉಳಿದ ಐವತ್ತೊಂಬತ್ತು ಜನ ಸಾಲಿನಲ್ಲಿ. ಮೂವತ್ತನೇ ಸೆಕೆಂಡಿಗೆ ಆ ಒಬ್ಬರ ಕ್ಲೋನ್ ಕೂಡ ಕತ್ತರಿಸಿ ಬೀಳುತ್ತದೆ. ಸಣ್ಣವರಿಗೆ ಮಾತ್ರ ಬಂದ ಕಷ್ಟವಲ್ಲ ಇದು. ಗಿಟ್‌ಲ್ಯಾಬ್ ಆರಂಭದಲ್ಲಿ ಗ್ರ್ಯಾಕ್ ಎಂಬ ರ್‍ಯಾಕ್ ಮಿಡಲ್‌ವೇರನ್ನೇ ಬಳಸುತ್ತಿತ್ತು. ದೊಡ್ಡ ಕ್ಲೋನ್‌ಗಳು ರೂಬಿ ಪ್ರಕ್ರಿಯೆಗಳನ್ನು ಹಿಡಿದಿಟ್ಟು ಗಡುವಿಗೆ ಬಲಿಯಾಗುತ್ತಿದ್ದುದರಿಂದ 2015ರಲ್ಲಿ ಆ ಕೆಲಸವನ್ನು ಗೋ ಭಾಷೆಯ ಪ್ರತ್ಯೇಕ ಪ್ರೋಗ್ರಾಂಗೆ ವಹಿಸಿದರು. ನಮ್ಮ ಪ್ರಮಾಣಕ್ಕೆ ಥ್ರೆಡ್ ಬಳಸುವ ಕೆಲಸಗಾರರು ಮತ್ತು ಉದಾರ ಗಡುವು ಸಾಕು. ಹಗುರ ಮಿಡಲ್‌ವೇರ್‌ಗೂ ಒಂದು ಎಲ್ಲೆ ಇದೆ ಎಂಬುದು ಮಾತ್ರ ಗೊತ್ತಿರಲಿ.

ಯಾರು ಬರೆಯಬಹುದು ಎಂಬ ಪ್ರಶ್ನೆಗೆ ಗಿಟ್ ಕೊಟ್ಟ ಉತ್ತರ ನನಗೆ ಮೆಚ್ಚುಗೆ. ಎಚ್‌ಟಿಟಿಪಿ-ಬ್ಯಾಕೆಂಡ್ ಪಾಸ್‌ವರ್ಡ್ ಕೇಳುವುದಿಲ್ಲ, ಬಳಕೆದಾರರ ಪಟ್ಟಿ ಇಟ್ಟುಕೊಳ್ಳುವುದಿಲ್ಲ. ‘ರಿಮೋಟ್ ಯೂಸರ್’ ಎಂಬ ಪರಿಸರ ಚರಾಂಶದಲ್ಲಿ ಏನಾದರೂ ಇದೆಯೇ ನೋಡುತ್ತದೆ. ಇದ್ದರೆ ಪುಶ್‌ಗೆ ಬಿಡುತ್ತದೆ, ಖಾಲಿ ಇದ್ದರೆ ಓದಲು ಮಾತ್ರ. ಅದನ್ನು ತುಂಬುವುದು ನಿಮ್ಮ ಮಿಡಲ್‌ವೇರ್‌ನ ಹೊಣೆ. ಇಲ್ಲಿ ಒಂದು ಸೂಕ್ಷ್ಮ: ಪುಶ್‌ಗಾಗಿ ಬಂದ ಮೊದಲ ಗೆಟ್‌ಗೇ 401 ಎಂದು, ಪಾಸ್‌ವರ್ಡ್ ಬೇಕೆಂಬ ಹೆಡರ್ ಸಮೇತ ಉತ್ತರಿಸಬೇಕು. ಆಗ ಕ್ಲೈಂಟ್ ಬಳಕೆದಾರನನ್ನು ಕೇಳುತ್ತದೆ. 403 ಎಂದರೆ ‘ನಿನಗೆ ಇಲ್ಲಿ ಕೆಲಸವಿಲ್ಲ’ ಎಂದೇ ಅರ್ಥ, ಅದು ಕೇಳದೆ ಹೊರಟುಹೋಗುತ್ತದೆ. ಬೇಸಿಕ್ ಪದ್ಧತಿಯ ಪಾಸ್‌ವರ್ಡ್ ಗೂಢಲಿಪಿಯಲ್ಲ, ಬರೀ ವೇಷ ಬದಲಿಸಿದ ಪಠ್ಯ. ಸಂಪರ್ಕವನ್ನೇ ಗೂಢಲಿಪಿ ಮಾಡುವ ಟಿಎಲ್‌ಎಸ್ ಇಲ್ಲದೆ ಪುಶ್ ತೆರೆಯಬೇಡಿ, ಕಾಲೇಜಿನ ಒಳಗಿನ ಜಾಲವಾದರೂ ಸರಿ. ಕಾಲೇಜಿನ ಒಳಗಿನ ಜಾಲವಾದರೆ ಮುಖ್ಯವಾಗಿ!

ಇನ್ನೆರಡನ್ನು ಬೇಗ ಹೇಳಿ ಮುಗಿಸುತ್ತೇನೆ. ಗಿಟ್ 2.26, ಅಂದರೆ 2020ರ ಮಾರ್ಚ್‌ನಿಂದ, ಕ್ಲೈಂಟ್‌ಗಳು ತಾವಾಗಿ ಪ್ರೋಟೋಕಾಲ್‌ನ ಎರಡನೇ ಆವೃತ್ತಿಯನ್ನು ಕೇಳುತ್ತವೆ. ‘ಗಿಟ್-ಪ್ರೋಟೋಕಾಲ್’ ಹೆಡರ್‌ನಲ್ಲಿ ಬರುವ ಅದನ್ನು ನೀವು ಒಳಗಿನ ಪ್ರಕ್ರಿಯೆಗೆ ದಾಟಿಸಬೇಕು. ದಾಟಿಸದಿದ್ದರೂ ನಡೆಯುತ್ತದೆ, ಆದರೆ ಸಾವಿರಾರು ಬ್ರಾಂಚ್-ಟ್ಯಾಗ್‌ಗಳ ರೆಪೊದಲ್ಲಿ ಪ್ರತಿ ಸಲ ಇಡೀ ಪಟ್ಟಿ ಹರಿದುಬರುತ್ತದೆ. ಎರಡನೆಯದಾಗಿ, 2022ರ ಏಪ್ರಿಲ್‌ನ 2.35.2 ಆವೃತ್ತಿಯಿಂದ ಗಿಟ್ ಬೇರೊಬ್ಬ ಬಳಕೆದಾರನ ಒಡೆತನದ ಫೋಲ್ಡರನ್ನು ಸಂಶಯದಿಂದ ನೋಡುತ್ತದೆ. ನಿನ್ನೆಯವರೆಗೆ ನಡೆಯುತ್ತಿದ್ದುದು ಅಪ್‌ಗ್ರೇಡ್ ಆದ ಮೇಲೆ ನಿಂತರೆ ಸರ್ವರ್‌ನ ಲಾಗ್‌ನಲ್ಲಿ ಒಡೆತನದ ಮಾತು ಇದೆಯೇ ನೋಡಿ. ವೆಬ್ ಸರ್ವರ್ ಯಾವ ಬಳಕೆದಾರನಾಗಿ ಓಡುತ್ತದೆಯೋ ಅವನದೇ ಹೆಸರಿನಲ್ಲಿ ರೆಪೊಗಳಿರಲಿ.

ಇಲ್ಲಿಯವರೆಗಿನದು ಜಗತ್ತಿನ ಎಲ್ಲರಿಗೂ ಒಂದೇ. ಈಗ ಹೇಳುವುದು ನಮಗೆ, ಕನ್ನಡದಲ್ಲಿ ಕೆಲಸ ಮಾಡುವವರಿಗೆ ಮಾತ್ರ.

ಗದಗ-ಬೆಟಗೇರಿಯ ಮುದ್ರಣಾಲಯಗಳ ಹೆಸರು ನಿಮಗೆಲ್ಲ ಗೊತ್ತು. ಅಲ್ಲಿಯ ಒಂದು ಮುದ್ರಣಾಲಯಕ್ಕೆ ಇಂಥ ವ್ಯವಸ್ಥೆ ಮಾಡಿಕೊಟ್ಟಿದ್ದೇನೆ. ಪುಸ್ತಕದ ಪಠ್ಯ ಯುನಿಕೋಡ್‌ನಲ್ಲಿ, ಅಧ್ಯಾಯಕ್ಕೊಂದು ಫೈಲು. ಕರಡು ತಿದ್ದುವವರು ಹುಬ್ಬಳ್ಳಿಯಲ್ಲಿ ಒಬ್ಬರು, ಹಾವೇರಿಯಲ್ಲಿ ಒಬ್ಬರು. ಯಾರು ಯಾವ ಸಾಲಿನ ಒತ್ತಕ್ಷರ ತಿದ್ದಿದರು ಎಂದು ಗಿಟ್ ತೋರಿಸುತ್ತದೆ. ಫೈಲುಗಳ ಹೆಸರು ಸಹಜವಾಗಿಯೇ ಕನ್ನಡದಲ್ಲಿ. ಗಿಟ್ ತನ್ನ ಪಾಡಿಗೆ ಬಿಟ್ಟರೆ ಕನ್ನಡದ ಹೆಸರನ್ನು ಹೆಸರಾಗಿ ತೋರಿಸುವುದಿಲ್ಲ. ‘ಕ’ ಇದ್ದಲ್ಲಿ \340\262\225 ಎಂದು ಬರೆಯುತ್ತದೆ. ಫೈಲು ಕೆಟ್ಟಿಲ್ಲ, ತೋರಿಸುವ ರೀತಿ ಹಾಗೆ. ‘ಕೋಟ್‌ಪಾತ್’ ಎಂಬ ಆಯ್ಕೆಯನ್ನು ಆಫ್ ಮಾಡಿದರೆ ಅಕ್ಷರಗಳು ಮರಳುತ್ತವೆ. ಕರಡು ತಿದ್ದುವ ಹಿರಿಯರೊಬ್ಬರು ಈ ಅಂಕಿಗಳನ್ನು ನೋಡಿ ‘ಇದು ಯಾವ ಮಗ್ಗಿ?’ ಎಂದು ಕೇಳಿದರು.

ರೆಪೊದ ಹೆಸರೇ ಕನ್ನಡದಲ್ಲಿದ್ದರೆ ಕಷ್ಟ ಮಿಡಲ್‌ವೇರ್‌ಗೆ ಬರುತ್ತದೆ. ಪೈಥಾನ್ 3ರ ಡಬ್ಲ್ಯುಎಸ್‌ಜಿಐ ನಿಯಮದಂತೆ, ವಿಳಾಸದ ಹಾದಿಯ ಬೈಟ್‌ಗಳನ್ನು ಲ್ಯಾಟಿನ್-1 (ಒಂದು ಬೈಟಿಗೆ ಒಂದು ಅಕ್ಷರ ಎನ್ನುವ ಪದ್ಧತಿ) ಎಂದು ಓದಿದ ಪಠ್ಯವಾಗಿ ಕೊಡುತ್ತಾರೆ. ಇಂಗ್ಲಿಷ್ ಹೆಸರಿಗೆ ಏನೂ ವ್ಯತ್ಯಾಸವಿಲ್ಲ, ಹಾಗಾಗಿ ಯಾರೂ ಗಮನಿಸುವುದಿಲ್ಲ. ಕನ್ನಡದ ಒಂದು ಅಕ್ಷರ ಮೂರು ವಿಚಿತ್ರ ಅಕ್ಷರಗಳಾಗಿ ನಿಂತಿರುತ್ತದೆ. ಅದನ್ನು ಮತ್ತೆ ಲ್ಯಾಟಿನ್-1 ಬೈಟ್ ಮಾಡಿ, ಯುನಿಕೋಡ್‌ನ ಯುಟಿಎಫ್-8 ಪದ್ಧತಿ ಎಂದು ಓದಿಕೊಳ್ಳಬೇಕು. ಒಂದೇ ಸಾಲಿನ ಕೋಡ್, ಆದರೆ ಅದು ಇಲ್ಲದಿದ್ದರೆ ಫೋಲ್ಡರ್ ಕಣ್ಣೆದುರಿಗೇ ಇದ್ದರೂ 404.

ಇದಕ್ಕಿಂತ ಕಳ್ಳ ಸಮಸ್ಯೆ ಇನ್ನೊಂದಿದೆ. ‘ಕೋಶ’ ಎಂಬ ಹೆಸರನ್ನು ಎರಡು ರೀತಿ ಬರೆಯಬಹುದು. ಓತ್ವವನ್ನು ಒಂದೇ ಚಿಹ್ನೆಯಾಗಿ ಇಟ್ಟರೆ ಇಡೀ ಹೆಸರು ಮೂರು ಸಂಕೇತಗಳು, 9 ಬೈಟ್. ಅದೇ ಓತ್ವವನ್ನು ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿ ಬರೆದರೆ ಐದು ಸಂಕೇತಗಳು, 15 ಬೈಟ್. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಎರಡು ಬೇರೆ ಬೇರೆ ರೆಪೊಗಳು. ಒಬ್ಬರ ಕೀಲಿಮಣೆ ಒಂದು ರೀತಿ, ಇನ್ನೊಬ್ಬರ ತಂತ್ರಾಂಶ ಇನ್ನೊಂದು ರೀತಿ ಕೊಟ್ಟರೆ ‘ನನಗೆ ಸಿಗುತ್ತಿದೆ, ನಿಮಗೇಕೆ ಸಿಗುತ್ತಿಲ್ಲ’ ಎಂಬ ಜಗಳ ಶುರು. ಬಂದ ಹೆಸರನ್ನು ಯುನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದು, ಫೋಲ್ಡರ್‌ಗಳ ಹೆಸರನ್ನೂ ಅದೇ ರೂಪದಲ್ಲಿಟ್ಟು ಹೋಲಿಸಿ. ಹೆಸರನ್ನು ನೇರವಾಗಿ ಫೈಲಿನ ಹಾದಿಗೆ ಜೋಡಿಸಬೇಡಿ; ಇರುವ ರೆಪೊಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಅದರಲ್ಲಿ ಹುಡುಕಿ. ಎರಡು ಚುಕ್ಕೆ ಹಾಕಿ ಮೇಲಿನ ಫೋಲ್ಡರ್‌ಗೆ ಏರಲು ಹವಣಿಸುವವರಿಗೂ ಇದರಿಂದಲೇ ತಡೆ.

ಗಿಟ್ ಅಲ್ಲದ ಇಂಥ ತಂತ್ರಾಂಶಗಳ ಬಗ್ಗೆ ಎರಡು ಮಾತು. ಮರ್ಕ್ಯುರಿಯಲ್ ಕೂಡ 2005ರ ಏಪ್ರಿಲ್‌ನ ಕೂಸೇ. ಅದರ ಜೊತೆಗೇ ಎಚ್‌ಜಿವೆಬ್ ಎಂಬ ಡಬ್ಲ್ಯುಎಸ್‌ಜಿಐ ಅಪ್ಲಿಕೇಶನ್ ಬರುತ್ತದೆ. ಬ್ರೌಸರಿನಲ್ಲಿ ಓದುವ ಪುಟಗಳು, ಕ್ಲೋನ್, ಪುಶ್ ಎಲ್ಲವೂ ಒಂದೇ ವಿಳಾಸದಲ್ಲಿ. ನೀವು ಅನುಮತಿ ಕೊಡುವವರೆಗೆ ಪುಶ್ ಮುಚ್ಚಿರುತ್ತದೆ. ಈ ವಿಷಯದಲ್ಲಿ ಅದು ಗಿಟ್‌ಗಿಂತ ಅಚ್ಚುಕಟ್ಟು ಎಂಬುದು ನನ್ನ ಅಭಿಪ್ರಾಯ. ಸಬ್‌ವರ್ಷನ್ ಅಪಾಚೆ ಸರ್ವರ್‌ನ ಮಾಡ್ಯೂಲ್ ಮೇಲೆ ಕುಳಿತಿದೆ, ಹಗುರ ಎನ್ನಲಾಗದು. ಗಿಟ್ ರೆಪೊವನ್ನು ಬ್ರೌಸರಿನಲ್ಲಿ ತೋರಿಸಬೇಕಾದರೆ ಗಿಟ್‌ವೆಬ್, ಸಿಗಿಟ್ ಇವೆ. ಡಲ್ವಿಚ್ ಮೇಲೆ ಕಟ್ಟಿದ ಕ್ಲೌಸ್ ತಾನೇ ಒಂದು ಡಬ್ಲ್ಯುಎಸ್‌ಜಿಐ ಅಪ್ಲಿಕೇಶನ್ ಆದ್ದರಿಂದ ನಿಮ್ಮ ಪದರಗಳ ಕೆಳಗೆ ಸುಲಭವಾಗಿ ಕೂರುತ್ತದೆ.

ಪ್ರಶ್ನೋತ್ತರ

ಧಾರವಾಡದ ಉಪನ್ಯಾಸಕಿಯೊಬ್ಬರು: ‘ಸರ್, ಅರವತ್ತು ಜನ ಒಂದೇ ನಿಮಿಷದಲ್ಲಿ ಕ್ಲೋನ್ ಮಾಡಿದರೆ ಹಳೆಯ ಡೆಸ್ಕ್‌ಟಾಪ್ ತಡೆದುಕೊಳ್ಳುತ್ತದೆಯೇ?’

ಮೇಡಂ, ಭಾರ ಬೀಳುವುದು ಮಿಡಲ್‌ವೇರ್ ಮೇಲಲ್ಲ, ಪ್ಯಾಕ್ ಕಟ್ಟುವ ಗಿಟ್ ಮೇಲೆ. ತರಗತಿಯ ಹಿಂದಿನ ದಿನ ರೆಪೊವನ್ನು ಬಿಟ್‌ಮ್ಯಾಪ್ ಎಂಬ ಸೂಚಿಯ ಸಹಿತ ಮತ್ತೆ ಪ್ಯಾಕ್ ಮಾಡಿಡಿ, ‘ಯಾವ್ಯಾವ ವಸ್ತು ಬೇಕು’ ಎಂದು ಎಣಿಸುವ ಸಮಯ ಬಹಳ ಉಳಿಯುತ್ತದೆ. ಅದೂ ಸಾಲದಿದ್ದರೆ ಇಡೀ ರೆಪೊವನ್ನು ಒಂದು ಬಂಡಲ್ ಫೈಲ್ ಮಾಡಿ ಸಾಮಾನ್ಯ ಡೌನ್‌ಲೋಡ್ ಆಗಿ ಇಡಿ. ಅದರಿಂದ ಕ್ಲೋನ್ ಮಾಡಿಕೊಂಡು, ಆಮೇಲೆ ರಿಮೋಟ್ ವಿಳಾಸ ಬದಲಿಸಿದರೆ ಮುಂದಿನ ಫೆಚ್‌ಗಳು ಸರ್ವರ್‌ನಿಂದ ಬರುತ್ತವೆ. ಫೈಲ್ ಕೊಡುವುದರಲ್ಲಿ ಎಂಜಿನ್‌ಎಕ್ಸ್‌ಗೆ ಆಯಾಸವೆಂಬುದಿಲ್ಲ.

ಸಣ್ಣ ಕಂಪನಿಯೊಂದರ ಎಂಜಿನಿಯರ್: ‘ಕೋಡ್ ಪರಿಶೀಲನೆ, ದೋಷಗಳ ಪಟ್ಟಿ, ಸ್ವಯಂಚಾಲಿತ ಪರೀಕ್ಷೆ, ಇವೆಲ್ಲ ಬೇಕಾದರೆ?’

ಆಗ ಇದನ್ನು ಬಳಸಬೇಡಿ. ಸ್ವಂತ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದಾದ ಪೂರ್ಣ ತಂತ್ರಾಂಶಗಳೇ ಇವೆ. ನೂರು ಸಾಲಿನ ಮಿಡಲ್‌ವೇರ್‌ಗೆ ಒಂದೊಂದೇ ಕೋಣೆ ಕಟ್ಟುತ್ತ ಹೋಗಿ ಹತ್ತು ಸಾವಿರ ಸಾಲು ಮಾಡಿಕೊಂಡವರನ್ನು ಬಲ್ಲೆ. ಅದನ್ನು ಬರೆದವರು ಕೆಲಸ ಬಿಟ್ಟ ದಿನ ಉಳಿದವರ ಗತಿ ಕೇಳಬೇಡಿ.

ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ: ‘ಯಾರಾದರೂ ಫೋರ್ಸ್ ಪುಶ್ ಮಾಡಿ, ಅಂದರೆ ಸರ್ವರ್‌ನ ಇತಿಹಾಸವನ್ನು ಬಲವಂತವಾಗಿ ಬದಲಿಸಿ, ಎಲ್ಲರ ಕೆಲಸ ಅಳಿಸಿದರೆ ಮಿಡಲ್‌ವೇರ್‌ನಲ್ಲಿ ತಡೆಯಬಹುದೇ ಸರ್?’

ಅಲ್ಲಿ ತಡೆಯಲು ಹೋಗಬೇಡ. ಅದಕ್ಕೆ ಲಕೋಟೆ ಒಡೆದು ಓದಬೇಕಾಗುತ್ತದೆ. ಸರ್ವರ್‌ನ ರೆಪೊದಲ್ಲಿಯೇ ‘ಡಿನೈ-ನಾನ್-ಫಾಸ್ಟ್-ಫಾರ್ವರ್ಡ್ಸ್’ ಮತ್ತು ‘ಡಿನೈ-ಡಿಲೀಟ್ಸ್’ ಎಂಬ ಎರಡು ಆಯ್ಕೆಗಳಿವೆ, ಎರಡನ್ನೂ ಆನ್ ಮಾಡು. ಯಾರಿಗೆ ಯಾವ ಬ್ರಾಂಚ್ ಎಂದು ಬೇರೆ ಬೇರೆ ನಿಯಮ ಬೇಕಾದರೆ ಪುಶ್ ಒಪ್ಪುವ ಮೊದಲು ಗಿಟ್ ಓಡಿಸುವ ‘ಪ್ರಿ-ರಿಸೀವ್’ ಹುಕ್ ಬರೆ. ಮಿಡಲ್‌ವೇರ್ ತುಂಬಿದ ಬಳಕೆದಾರನ ಹೆಸರು ಅದಕ್ಕೂ ಸಿಗುತ್ತದೆ. ಇನ್ನೊಂದು ಮಾತು: ಸರ್ವರ್‌ನಲ್ಲಿ ಇಡುವ ಬೇರ್ (ಇತಿಹಾಸ ಮಾತ್ರ ಇರುವ) ರೆಪೊದಲ್ಲಿ ಗಿಟ್ ರೆಫ್‌ಲಾಗ್ ಅನ್ನು, ಅಂದರೆ ಬ್ರಾಂಚ್ ಯಾವಾಗ ಯಾವ ಕಮಿಟ್‌ನಲ್ಲಿತ್ತು ಎಂಬ ದಾಖಲೆಯನ್ನು, ತಾನಾಗಿ ಬರೆಯುವುದಿಲ್ಲ, ನಾವೇ ಆನ್ ಮಾಡಬೇಕು. ಅದಿದ್ದರೆ ಫೋರ್ಸ್ ಪುಶ್‌ನಿಂದ ಬದಲಾದ ಬ್ರಾಂಚ್‌ನ ಹಿಂದಿನ ಕಮಿಟ್ ಯಾವುದಿತ್ತು ಎಂದು ಹುಡುಕಿ ಅಲ್ಲಿಗೆ ಮರಳಬಹುದು. ರೆಪೊ ಸೃಷ್ಟಿಸಿದ ದಿನವೇ ಮಾಡು. ಕೆಲಸ ಅಳಿಸಿಹೋದ ಮೇಲೆ ಆನ್ ಮಾಡಿದರೆ ಅದರಲ್ಲಿ ಓದಲು ಏನೂ ಇರುವುದಿಲ್ಲ.